ಹದಿನೇಳು ಪ್ರಶ್ನೆ, ಎರಡು ಚಂದ್ರ

ಬೆಳಿಗ್ಗೆ ಹತ್ತು ಗಂಟೆಗೆ ಅಲ್ಪವಿರಾಮನಿಗೆ ಒಂದು ಆಸೆ ಹುಟ್ಟಿತು. ತನ್ನ ಕೆಲಸದ ಚರಿತ್ರೆ ಗೆರೆ ಎಳೆದಂತೆ ನೇರವಾಗಿ ಕಾಣಬೇಕು ಎಂಬ ಆಸೆ. ಮನುಷ್ಯರಿಗೆ ಇದಕ್ಕಿಂತ ದೊಡ್ಡ ಆಸೆಗಳೆಲ್ಲ ಇರುತ್ತವೆ; ಅವುಗಳಿಂದ ಇಷ್ಟು ತೊಂದರೆ ಆಗುವುದಿಲ್ಲ.

ಅಲ್ಪವಿರಾಮ ಎಂಬುದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವನು ತಾರಾಲಯದಲ್ಲಿ ಪ್ರೋಗ್ರಾಂ ಬರೆಯುವವನು. ದೊಡ್ಡ ಗುಮ್ಮಟದ ಒಳಮೈ ಮೇಲೆ ಸೂರ್ಯ, ಚಂದ್ರ, ನಕ್ಷತ್ರಗಳನ್ನು ಮೂಡಿಸಿ ಓಡಾಡಿಸುವುದು ಅವನು ಬರೆದ ಸಾಲುಗಳೇ. ಎಂಟು ವರ್ಷದ ಹಿಂದೆ ಒಂದು ಸಾಲಿನಲ್ಲಿ ಒಂದೇ ಒಂದು ಕಾಮಾ ಬಿಟ್ಟುಹೋಗಿ, ಶನಿಗ್ರಹ ತನ್ನ ಉಂಗುರವನ್ನು ಕಳಚಿಕೊಂಡು ಪ್ರೇಕ್ಷಕರ ಮೇಲೆ ಉರುಳಿ ಬಂದಿತ್ತು. ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ಓಡಿದವಳು ಚಪ್ಪಲಿಗೂ ವಾಪಸು ಬರಲಿಲ್ಲ. ಅಂದಿನಿಂದ ಅವನು ಅಲ್ಪವಿರಾಮ. ಕರೆಯುವವರು ಚಿಕ್ಕದಾಗಿ ‘ವಿರಾಮ್ ಸಾರ್’ ಎನ್ನುತ್ತಿದ್ದರು, ವಯಸ್ಸಿನಲ್ಲಿ ದೊಡ್ಡವರು ಬರೀ ‘ವಿರಾಮ’ ಎನ್ನುತ್ತಿದ್ದರು.

ಅವತ್ತು ಸಂಜೆ ಆರಕ್ಕೆ ಹೊಸ ಪ್ರದರ್ಶನದ ಉದ್ಘಾಟನೆ. ಮುನ್ನೂರು ಸೀಟೂ ಮೊದಲೇ ಬುಕ್ ಆಗಿದ್ದವು. ಎಪ್ಪತ್ತೆಂಟು ವರ್ಷದ ಖಗೋಳ ಪ್ರೊಫೆಸರೊಬ್ಬರು ಮುಖ್ಯ ಅತಿಥಿ. ಅದೆಲ್ಲ ಹಾಗಿರಲಿ, ಅಲ್ಪವಿರಾಮನ ಮಾವ ಬರುತ್ತಿದ್ದರು. ಮಾವ ನಲವತ್ತು ವರ್ಷ ರೈಲಿನಲ್ಲಿ ಗಾರ್ಡ್ ಆಗಿದ್ದವರು. ಹಸಿರು ಬಾವುಟ ಬೀಸಿದರೆ ಗಾಡಿ ಹೊರಡಬೇಕು, ಅದು ಕೆಲಸ. ಮದುವೆಯಾದ ಹೊಸದರಲ್ಲಿ ಅವರು ಕೇಳಿದ್ದರು: “ನೀವು ಅಲ್ಲಿ ಏನು ಮಾಡ್ತೀರಿ ಅಳಿಯಂದ್ರೆ?”

“ಚಂದ್ರನ್ನ ಮೇಲೇರಿಸ್ತೀನಿ ಮಾವ.”

ಮಾವ ಬಹಳ ಹೊತ್ತು ಯೋಚಿಸಿ ಹೇಳಿದ್ದರು: “ನೀವಿಲ್ದಿದ್ರೂ ಅದು ಏರ್ತಿತ್ತಲ್ವಾ?”

ಹನ್ನೆರಡು ವರ್ಷವಾದರೂ ಅಲ್ಪವಿರಾಮನಿಗೆ ಇದಕ್ಕೆ ಉತ್ತರ ಸಿಕ್ಕಿರಲಿಲ್ಲ. ಈ ಸಲದ ಚಂದ್ರನಿಗಾಗಿ ಅವನು ಮೂರು ವಾರ ಊಟ ನಿದ್ದೆ ಬಿಟ್ಟಿದ್ದ. ಕಲೆಗಳು, ಕಲೆಗಳ ಅಂಚಿನ ನೆರಳು, ದಿಗಂತದ ಬಳಿಯ ಕೆಂಬಣ್ಣ, ಒಂದೂ ಬಿಟ್ಟಿರಲಿಲ್ಲ. ಪೂರ್ತಿಯಾಗುವವರೆಗೆ ಯಾರ ಕಣ್ಣಿಗೂ ಬೀಳಬಾರದೆಂದು ಎಲ್ಲವನ್ನೂ ತನ್ನ ಕಂಪ್ಯೂಟರಿನಲ್ಲೇ ಇಟ್ಟುಕೊಂಡಿದ್ದ.

ಅದೇ ಮೂರು ವಾರದಲ್ಲಿ ಪಕ್ಕದ ಮೇಜಿನ ಹುಡುಗಿ ನಕ್ಷತ್ರಗಳನ್ನೂ ದಿಗಂತವನ್ನೂ ಬರೆದು ಮುಗಿಸಿದ್ದಳು. ನಕ್ಷತ್ರದ ಕೆಲಸದವಳಾದ್ದರಿಂದ ಅವಳಿಗೆ ಚುಕ್ಕಿ ಎಂದೇ ಹೆಸರು. ಈಗ ಇಬ್ಬರ ಕೆಲಸವೂ ಒಂದಾಗಬೇಕಿತ್ತು. ಯಾರು ಯಾವತ್ತು ಯಾವ ಸಾಲು ಬದಲಾಯಿಸಿದರು ಎಂಬ ಲೆಕ್ಕ ಇಡುವುದಕ್ಕೆ ಅವರ ಆಫೀಸಿನಲ್ಲಿ ಗಿಟ್ ಎಂಬ ವ್ಯವಸ್ಥೆ ಇತ್ತು. ಹಿಂದಿನ ಸಂಜೆ ಚುಕ್ಕಿ ಕೆನ್ನೆ ಹಿಡಿದುಕೊಂಡು ಹೊರಡುವಾಗ ಹೇಳಿದ್ದಳು: “ಸಾರ್, ನಾಳೆ ನಾನಿರಲ್ಲ, ಹಲ್ಲು ಕೀಳಿಸ್ಕೋಬೇಕು. ನೀವು ಸುಮ್ನೆ ಮರ್ಜ್ ಮಾಡ್ಬಿಡಿ. ಎರಡು ನಿಮಿಷದ ಕೆಲಸ.”

ಮರ್ಜ್ ಮಾಡಿದರೆ ಚರಿತ್ರೆಯಲ್ಲಿ ಎರಡು ದಾರಿ ಕವಲೊಡೆದು ಮತ್ತೆ ಸೇರಿದಂತೆ ಕಾಣುತ್ತದೆ. ಅಲ್ಪವಿರಾಮನಿಗೆ ಅದು ಬೇಡವಾಯಿತು. ರೀಬೇಸ್ ಎಂಬ ಇನ್ನೊಂದು ವಿಧಾನದ ಬಗ್ಗೆ ಅವನು ಓದಿದ್ದ. ನಿಮ್ಮ ಕೆಲಸವನ್ನೆಲ್ಲ ಬುಡದಿಂದ ಬಿಡಿಸಿ, ಇನ್ನೊಬ್ಬರ ಕೆಲಸ ಮುಗಿದ ಜಾಗದಿಂದ ಒಂದೊಂದಾಗಿ ಮತ್ತೆ ಜೋಡಿಸುತ್ತಾ ಹೋಗುವುದು. ಕೊನೆಗೆ ನೋಡಿದವರಿಗೆ, ಅವರು ಮುಗಿಸಿ ಎದ್ದ ಮೇಲೆಯೇ ನೀವು ಬಂದು ಕೂತಿರಿ ಅನಿಸಬೇಕು. ಒಂದೇ ಗೆರೆ, ಕವಲಿಲ್ಲ. ಅವನು ಬೆರಳು ಮುರಿದುಕೊಂಡು ರೀಬೇಸ್ ಎಂದು ಟೈಪ್ ಮಾಡಿದ.

ಗಿಟ್ ನಾಲ್ಕು ಸಾಲು ಸುಮ್ಮನೆ ನುಂಗಿತು. ಐದನೆಯದಕ್ಕೆ ಗಕ್ಕನೆ ನಿಂತಿತು. ಈ ಸಾಲನ್ನು ಇಬ್ಬರೂ ಬದಲಾಯಿಸಿದ್ದೀರಿ, ಯಾವುದನ್ನು ಉಳಿಸಲಿ? ‘ನಮ್ಮದು’ ಒಂದು ಗುಂಡಿ, ‘ಅವರದು’ ಒಂದು ಗುಂಡಿ.

ಇದೂ ಒಂದು ಪ್ರಶ್ನೆಯೇ ಎಂದುಕೊಂಡು ಅಲ್ಪವಿರಾಮ ‘ನಮ್ಮದು’ ಒತ್ತಿದ. ಮತ್ತೆ ನಿಂತಿತು. ಮತ್ತೆ ‘ನಮ್ಮದು’. ಹೀಗೆ ಆರು ಸಲ ಆಗುವಷ್ಟರಲ್ಲಿ ಟಿಕೆಟ್ ಅಕ್ಕ ಟೀ ಲೋಟ ಹಿಡಿದು ಒಳಗೆ ಬಂದಳು. ಟಿಕೆಟ್ ಕೌಂಟರಿನಲ್ಲಿ ಕೂರುವ ಆಕೆಗೆ ಬೆಳಗಿನ ಹೊತ್ತು ಕೆಲಸ ಕಡಿಮೆ, ಕನಿಕರ ಜಾಸ್ತಿ.

“ಅದೇನು ಒಂದೇ ಸಮ ನಮ್ಮದು ನಮ್ಮದು ಅಂತ ಒತ್ತುತಾ ಇದೀರಿ ವಿರಾಮ್ ಸಾರ್?” ಎಂದಳು ಹೆಗಲ ಮೇಲಿಂದ ಬಗ್ಗಿ. “ಆ ಹುಡುಗಿ ಪಾಪ ಹಲ್ಲುನೋವಲ್ಲಿ ನರಳ್ತಿದಾಳೆ. ಅವಳದೂ ಒಂದೆರಡು ಇರ್ಲಿ ಬಿಡಿ.”

ಅವನಿಗೂ ಹೌದೆನಿಸಿತು. ಏಳನೆಯದಕ್ಕೆ ‘ಅವರದು’ ಒತ್ತಿದ. ಎಂಟನೆಯದಕ್ಕೆ ಅಕ್ಕ ಮತ್ತೆ ಅವರದು ಎಂದಳು, ಅವನು ಒಪ್ಪಲಿಲ್ಲ. ಒಂಬತ್ತಕ್ಕೆ ರಾಜಿಯಾಯಿತು. ಅಷ್ಟರಲ್ಲಿ ದನಿಯವರು ಬಂದರು.

ದನಿಯವರೆಂದರೆ ಪ್ರದರ್ಶನಗಳಿಗೆ ವಿವರಣೆ ಓದುವವರು. ಮೂವತ್ತು ವರ್ಷ ಕತ್ತಲಲ್ಲಿ ಕೂತು ಬ್ರಹ್ಮಾಂಡವನ್ನು ಬಣ್ಣಿಸಿದ್ದರಿಂದ ಅವರ ಗಂಟಲು ಹಾಗೇ ಕೂತುಬಿಟ್ಟಿತ್ತು. ಸಕ್ಕರೆ ಕಡಿಮೆ ಇದೆ ಎಂದರೂ ಕೇಳಿದವರಿಗೆ ಎದೆ ಝಲ್ಲೆನ್ನುತ್ತಿತ್ತು. “ಸಮತೋಲನ...” ಎಂದರು ಅವರು ಪರದೆ ನೋಡಿ. “ವಿಶ್ವವೇ ಸಮತೋಲನದ ಮೇಲೆ ನಿಂತಿದೆ, ವಿರಾಮ. ಒಂದು ನಿಮ್ಮದು... ಒಂದು ಅವರದು...”

ಆ ದನಿಯಲ್ಲಿ ಹೇಳಿದ ಮೇಲೆ ಎದುರಾಡುವುದು ಹೇಗೆ? ಇಬ್ಬರೂ ಎರಡು ಕಡೆ ನಿಂತು, ಅಕ್ಕ ಒಂದು ಹೇಳಿ, ದನಿಯವರು ಒಂದು ಹೇಳಿ, ನಡುವೆ ಒಂದೆರಡು ತನ್ನ ಮನಸ್ಸಿಗೆ ತೋಚಿದಂತೆ ಒತ್ತಿ, ಅಂತೂ ಹದಿನೇಳನೆಯ ಪ್ರಶ್ನೆಯ ಹೊತ್ತಿಗೆ ಟೀ ಆರಿತ್ತು, ರೀಬೇಸ್ ಮುಗಿದಿತ್ತು. ಚರಿತ್ರೆ ನೇರವಾಗಿತ್ತು. ಅಷ್ಟು ನೇರವಾದ ಗೆರೆಯನ್ನು ಅಲ್ಪವಿರಾಮ ತನ್ನ ಜನ್ಮದಲ್ಲಿ ನೋಡಿರಲಿಲ್ಲ. ಎರಡು ಸಲ ಹಿಂದೆ ಸರಿದು ನಿಂತು ನೋಡಿದ.

ಮೂರು ಗಂಟೆಗೆ ಗುಮ್ಮಟದಲ್ಲಿ ತಾಲೀಮು. ನಿರ್ದೇಶಕಿ ಬಂದು ಮೊದಲ ಸಾಲಿನಲ್ಲಿ ಕೂತರು. ಅವರ ಸಿಟ್ಟಿಗೆ ಸದ್ದಿರಲಿಲ್ಲ. ದನಿ ಇಳಿದಷ್ಟೂ ಅಪಾಯ ಹೆಚ್ಚು. ದೀಪಗಳು ಮಬ್ಬಾದವು. ಗುಮ್ಮಟದ ಅಂಚಿನಲ್ಲಿ ಸೂರ್ಯ ಮುಳುಗಲು ಶುರುವಾಯಿತು. ಸೂರ್ಯ ಯಾಕೋ ಚಿಕ್ಕದಾಗಿತ್ತು. ಸುತ್ತಲಿನ ಆಕಾಶ ಇಟ್ಟಿಗೆ ಪುಡಿ ಎರಚಿದಂತೆ ಕಂದು. ಸೂರ್ಯನ ಮಗ್ಗುಲಲ್ಲಿ ಮಾತ್ರ ತಣ್ಣನೆಯ ನೀಲಿ. ಅದು ಮುಳುಗಿತು, ಚುಕ್ಕಿಯ ನಕ್ಷತ್ರಗಳು ಒಂದೊಂದಾಗಿ ಹೊತ್ತಿಕೊಂಡವು. ಸಾವಿರಾರು ನಕ್ಷತ್ರ. ಎಷ್ಟು ಸಲ ನೋಡಿದ್ದರೂ ಅಲ್ಪವಿರಾಮನ ಉಸಿರು ಒಂದು ಗಳಿಗೆ ನಿಂತೇಬಿಟ್ಟಿತು. ತನ್ನ ತಲೆಗೂ ಆಕಾಶಕ್ಕೂ ನಡುವೆ ಸಿಮೆಂಟಿನ ಚಾವಣಿ ಇದೆ ಎಂಬುದೇ ಮರೆತುಹೋಗುವಂತಿತ್ತು.

“ನೋಡಿ...” ಎಂದರು ದನಿಯವರು ಕಾಗದ ನೋಡಿಕೊಂಡು, “ಪೂರ್ವ ದಿಗಂತದಲ್ಲಿ... ಚಂದ್ರ... ನಿಧಾನವಾಗಿ ಮೇಲೇರುತ್ತಿದ್ದಾನೆ...”

ಚಂದ್ರ ಪಶ್ಚಿಮದಿಂದ ಎದ್ದ. ಬಸ್ಸು ತಪ್ಪಿಸಿಕೊಂಡವನಂತೆ ಒಂದೇ ಉಸಿರಿಗೆ ಓಡಿದ. ನಕ್ಷತ್ರಗಳೆಲ್ಲ ಆ ಕಡೆ ಹೋಗುತ್ತಿದ್ದರೆ ಇವನೊಬ್ಬ ಈ ಕಡೆ, ಎದುರಿಗೆ ಬಂದವರನ್ನೆಲ್ಲ ತಳ್ಳಿಕೊಂಡು. ಹೊರಡುವಾಗ ಗೆರೆಯಷ್ಟಿದ್ದವನು ನಡುನೆತ್ತಿಯಲ್ಲಿ ಉಬ್ಬಿ, ಪೂರ್ವಕ್ಕೆ ಇಳಿಯುವಷ್ಟರಲ್ಲಿ ತುಂಬಿಕೊಂಡಿದ್ದ. ತಿಂಗಳ ಕೆಲಸವನ್ನು ನಿಮಿಷದಲ್ಲಿ ಮುಗಿಸಿದ್ದ. ಅವನು ಮರೆಯಾಗುವಾಗ ಪೂರ್ವದ ಅಂಚಿನಲ್ಲಿ ಇನ್ನೊಂದು ಬಿಳಿ ಚುಕ್ಕೆ ಕಂಡಿತು. ಗುಂಡಗೆ, ಪುಟ್ಟಗೆ, ಇದ್ದಲ್ಲೇ ಇರುವಷ್ಟು ನಿಧಾನವಾಗಿ ತೆವಳುತ್ತಿತ್ತು.

ದನಿಯವರು ಕಾಗದ ಮಡಿಚಿಟ್ಟರು. “ಮತ್ತೊಬ್ಬರು ಬಂದರು...” ಎಂದರು, ಅದೇ ಗಂಭೀರ ದನಿಯಲ್ಲಿ.

ದೀಪ ಹತ್ತಿತು. ನಿರ್ದೇಶಕಿ ತಿರುಗಿ ನೋಡದೆಯೇ ಮೆಲ್ಲಗೆ ಕೇಳಿದರು: “ಎರಡು ಯಾಕೆ?”

“ಒಂದು ನನ್ನದು ಮೇಡಂ. ಇನ್ನೊಂದು... ಚುಕ್ಕಿ ಪರೀಕ್ಷೆಗೆ ಅಂತ ಇಟ್ಕೊಂಡಿದ್ದು. ಅದು ಹೋಗ್ಬೇಕಿತ್ತು.”

“ಆಫೀಸಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚಂದ್ರ ಅಂತ ನಾನು ಹಂಚಿಲ್ಲ.” ಈಗ ಅವನತ್ತ ತಿರುಗಿದರು, ದನಿ ಇನ್ನೂ ಇಳಿಯಿತು. “ಆರು ಗಂಟೆಗೆ ಒಂದೇ ಇರ್ಬೇಕು. ಪೂರ್ವದಿಂದ ಬರ್ಬೇಕು. ಆಯ್ತಾ?” ಕೊನೆಯ ಎರಡಕ್ಷರ ಅವನಿಗೆ ತುಟಿ ನೋಡಿ ತಿಳಿಯಿತು.

ಅಲ್ಪವಿರಾಮ ಮೇಜಿಗೆ ಓಡಿಬಂದು ತನ್ನ ಚಂದ್ರನ ಸಾಲುಗಳನ್ನು ತೆರೆದ. ಅರ್ಧ ಇರಲಿಲ್ಲ. ಕಲೆಗಳಿಲ್ಲ, ಕೆಂಬಣ್ಣವಿಲ್ಲ. ತಾನು ‘ನಮ್ಮದು’ ಎಂದು ಒತ್ತಿ ಉಳಿಸಿಕೊಂಡ ಜಾಗದಲ್ಲೆಲ್ಲ ಚುಕ್ಕಿಯ ಸಾಲು ಕೂತಿತ್ತು. ಧಾರಾಳತನದಿಂದ ಅವಳಿಗೆ ಬಿಟ್ಟುಕೊಟ್ಟ ಕಡೆಯೆಲ್ಲ ತನ್ನದಿತ್ತು. ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ರೀಬೇಸ್ ಎಂದು ಇನ್ನೊಮ್ಮೆ ಟೈಪ್ ಮಾಡಿದ. ಎಲ್ಲ ಸರಿಯಾಗಿದೆ, ಮಾಡುವುದಕ್ಕೆ ಏನೂ ಉಳಿದಿಲ್ಲ ಎಂದಿತು ಗಿಟ್, ಸೌಜನ್ಯದಿಂದ.

“ಮೂರು ವಾರದ ಕೆಲಸ ಹೋಯ್ತು ಅಕ್ಕಾ,” ಎಂದ. ಟಿಕೆಟ್ ಅಕ್ಕ ಹಿಂದೆಯೇ ಬಂದು ನಿಂತಿದ್ದಳು.

“ನಮ್ಮನೆ ಟೀವಿ ಹೀಗೇ ಆಗಿತ್ತು. ರಿಪೇರಿಯವನು ಬಂದು ಎಲ್ಲ ಅಳಿಸಿ ಹೊಸದಾಗಿ ಹಾಕ್ದ, ಸರಿಹೋಯ್ತು. ನೀವೂ ಆ ಫೋಲ್ಡರ್ ಪೂರ್ತಿ ಅಳಿಸ್ಬಿಡಿ. ಚುಕ್ಕೀದು ಹೊಸದಾಗಿ ಇಳಿಸ್ಕೊಳ್ಳಿ. ನಿಮ್ಮದು ಇನ್ನೊಂದ್ಸಲ ಬರೀರಿ.”

“ಮೂರು ವಾರ ಬರೆದಿದ್ದು ಅಕ್ಕಾ!”

“ಈಗಿನ್ನೂ ಮೂರೂ ಮುಕ್ಕಾಲು. ಆರಕ್ಕೆ ಎರಡೂಕಾಲು ಗಂಟೆ ಇದೆಯಲ್ಲ,” ಎಂದಳು ಅಕ್ಕ ಧೈರ್ಯ ತುಂಬುತ್ತಾ.

ಬುದ್ಧಿ ನೆಟ್ಟಗಿದ್ದ ಹೊತ್ತಾಗಿದ್ದರೆ ಅವನು ನಗುತ್ತಿದ್ದ. ಈಗ ಫೋಲ್ಡರಿನ ಮೇಲೆ ಬಾಣ ಇಟ್ಟು, ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಲ್ಲಿ ಚುಕ್ಕಿಗೆ ಫೋನ್ ಮಾಡಿದ. ಎತ್ತಿದ್ದು ದಂತವೈದ್ಯರ ನರ್ಸ್.

“ಅವರು ಕುರ್ಚೀಲಿ ಮಲಗಿದಾರೆ ಸಾರ್. ಬಾಯಿ ತೆರೆದಿದೆ. ಸ್ಪೀಕರ್ ಹಾಕ್ತೀನಿ, ಬೇಗ ಹೇಳಿ.”

ಅಲ್ಪವಿರಾಮ ಒಂದೇ ಉಸಿರಿಗೆ ಎಲ್ಲ ಹೇಳಿದ. ರೀಬೇಸ್, ಹದಿನೇಳು ಪ್ರಶ್ನೆ, ಎರಡು ಚಂದ್ರ, ಮೇಡಂ, ಈಗ ಫೋಲ್ಡರ್ ಅಳಿಸಲು ಹೊರಟಿರುವುದು. ಆ ಕಡೆಯಿಂದ ಮರಗಟ್ಟಿದ ನಾಲಿಗೆಯೊಂದು ಚೀರಿತು: “ಅಳ...ಏಡಿ! ಆರ್, ಅಳ...ಏಡಿ!”

“ಏನಂತೆ?”

“ಅಳಬೇಡಿ ಅಂತಿದಾರೆ ಸಾರ್,” ಎಂದಳು ನರ್ಸ್, ಮೃದುವಾಗಿ.

“ಇಲ್ಲಮ್ಮ, ನಾನೇನೂ ಅಳ್ತಿಲ್ಲ,” ಎಂದ ಅಲ್ಪವಿರಾಮ. ಹೇಳುತ್ತಲೇ ಮೂಗೆಳೆದುಕೊಂಡ.

“ಅಳ...ಏಡಿ! ಅಳ...ಏಡಿ!”

“ಎಂಥಾ ಹುಡುಗಿ ನೋಡಿ,” ಟಿಕೆಟ್ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. “ತನ್ನ ಹಲ್ಲು ಕೀಳ್ತಿದ್ರೂ ಇನ್ನೊಬ್ರಿಗೆ ಸಮಾಧಾನ ಹೇಳ್ತಾಳೆ.”

“ಆಯ್ತಮ್ಮ, ಅಳಲ್ಲ. ಇಗೋ, ಅಳಿಸ್ತಾ ಇದೀನಿ,” ಎಂದು ಅಲ್ಪವಿರಾಮ ಬೆರಳು ಬಿಗಿಮಾಡಿದ. ಫೋನಿನಲ್ಲಿ ಲೋಹದ ತಟ್ಟೆ ಉರುಳಿದ ಸದ್ದಾಯಿತು. ವೈದ್ಯರು ಏನೋ ಬೈದರು. ಆಮೇಲೆ ಸ್ಪಷ್ಟವಾಗಿ, ಗೋಡೆ ನಡುಗುವಂತೆ: “ಅಳಿಸ್‌ಬೇಡಿ ಸಾರ್! ಅಳಿ-ಸ-ಬೇ-ಡಿ! ಯಾವುದೂ ಹೋಗಿಲ್ಲ!”

ಅವನು ಬೆಂಕಿ ಮುಟ್ಟಿದವನಂತೆ ಕೈ ಹಿಂದೆಗೆದ. ಫೋನು ಕಟ್ಟಾಯಿತು. ಅರ್ಧ ಗಂಟೆಯ ಮೇಲೆ ಅವಳಿಂದ ಮೆಸೇಜು ಬಂತು: ‘ರೀಫ್‌ಲಾಗ್ ಅಂತ ಟೈಪ್ ಮಾಡಿ. ನೀವು ಎಲ್ಲೆಲ್ಲಿ ನಿಂತಿದ್ರಿ ಅಂತ ಗಿಟ್ ಒಂದು ದಿನಚರಿ ಬರೆದಿಟ್ಟಿರುತ್ತೆ. ರೀಬೇಸ್ ಶುರುವಾಗೋಕೆ ಹಿಂದಿನ ಸಾಲಿಗೆ ವಾಪಸ್ ಹೋಗಿ. ಇನ್ನೊಂದು ವಿಷಯ, ರೀಬೇಸ್‌ನಲ್ಲಿ ನಮ್ಮದು ಅಂದ್ರೆ ನಂದು, ಅವರದು ಅಂದ್ರೆ ನಿಮ್ಮದು. ದಯವಿಟ್ಟು ನಗಿಸಬೇಡಿ, ಹೊಲಿಗೆ ಹಾಕಿದಾರೆ.’

ಅಲ್ಪವಿರಾಮ ಮೂರು ಸಲ ಓದಿದ. “ನಮ್ಮದು ಅಂದ್ರೆ ಅವಳದು ಹೇಗಾಗುತ್ತೆ?”

ಟಿಕೆಟ್ ಅಕ್ಕ ಬಗ್ಗಿ ಓದಿದಳು. “ನೀವು ನಿಮ್ಮ ಸಾಮಾನು ಕಟ್ಕೊಂಡು ಅವಳ ಜಾಗಕ್ಕೆ ಹೋಗಿದ್ದು ತಾನೇ?”

“ಹೌದು. ರೀಬೇಸ್ ಅಂದ್ರೆ ಅದೇ.”

“ಮತ್ತೆ? ಹೋದ್ಮೇಲೆ ಅದೇ ನಮ್ಮನೆ. ತವರಿಂದ ಬಂದಿದ್ದೆಲ್ಲ ಅವರ ಕಡೇದು. ಇಪ್ಪತ್ತೆರಡು ವರ್ಷ ಆಯ್ತು ನಾನು ಮದುವೆಯಾಗಿ. ಇದು ಅರ್ಥ ಆಗೋಕೆ ನಿಮಗೆ ಕಂಪ್ಯೂಟರ್ ಬೇಕಾಯ್ತಾ?”

ಯಾವ ಪುಸ್ತಕವೂ ಇಷ್ಟು ಚೆನ್ನಾಗಿ ತಿಳಿಸಿರಲಿಲ್ಲ. ಅವನು ಅಕ್ಕನನ್ನು ಹೊಸದಾಗಿ ನೋಡಿದ. ಆಮೇಲೆ ರೀಫ್‌ಲಾಗ್ ಎಂದು ಟೈಪ್ ಮಾಡಿದ.

ಪರದೆ ತುಂಬಿಹೋಯಿತು. ಮೇಲೆ ಅವತ್ತಿನ ಬೆಳಗು: ಹದಿನೇಳು ಪ್ರಶ್ನೆ, ಹದಿನೇಳು ಹೆಜ್ಜೆ, ಒಂದರ ಕೆಳಗೊಂದು. ಅವುಗಳ ಕೆಳಗೆ ರೀಬೇಸ್ ಶುರುವಾದ ಗಳಿಗೆ. ಅದರ ಕೆಳಗೆ ನಿನ್ನೆ. ಮೊನ್ನೆ. ಚಂದ್ರನ ಕಲೆಗಳು ಮೊದಲ ಸಲ ಸರಿಯಾಗಿ ಕೂತ ದಿನ. ಮಗಳಿಗೆ ಜ್ವರ ಬಂತೆಂದು ಅರ್ಧ ಸಾಲಿಗೇ ಬಿಟ್ಟು ಎದ್ದು ಓಡಿದ ಮಧ್ಯಾಹ್ನ. ಆ ಅರ್ಧ ಸಾಲೂ ಇತ್ತು. ಬೇಡವೆಂದು ತಾನೇ ಕೈಬಿಟ್ಟು, ಮರೆತೂ ಬಿಟ್ಟಿದ್ದ ಒಂದು ಚಂದ್ರ ಕೂಡ ಅಲ್ಲಿ ಕಾದು ಕೂತಿತ್ತು. ಅವನು ಯಾವತ್ತೂ ಕೇಳಿರಲಿಲ್ಲ, ಅದು ಯಾವತ್ತೂ ಹೇಳಿರಲಿಲ್ಲ. ಸದ್ದಿಲ್ಲದೆ ಹಿಂದೆ ಹಿಂದೆಯೇ ಬಂದು ಎಲ್ಲವನ್ನೂ ಎತ್ತಿಟ್ಟುಕೊಂಡಿತ್ತು. ಹಗಲಲ್ಲಿ ಕಾಣದಿದ್ದ ಮಾತ್ರಕ್ಕೆ ನಕ್ಷತ್ರಗಳು ಎಲ್ಲಿ ಹೋಗಿರುತ್ತವೆ, ಹಾಗೆ. ಅಲ್ಪವಿರಾಮನಿಗೆ ಮೈ ಜುಮ್ಮೆಂದಿತು. ಕುರ್ಚಿಯಲ್ಲಿ ನೆಟ್ಟಗೆ ಕೂತ. ಯಾಕೋ ಕಾಲ ಮೇಲಿನ ಕಾಲು ಇಳಿಸಿದ.

ರೀಬೇಸಿಗೆ ಹಿಂದಿನ ಸಾಲಿಗೆ ಹೋದ. ಕಣ್ಣು ಮಿಟುಕಿಸುವಷ್ಟರಲ್ಲಿ ಅವನ ಚಂದ್ರ ಒಂದು ಕಲೆಯೂ ಕಮ್ಮಿಯಾಗದೆ ವಾಪಸಾಗಿತ್ತು. ಮತ್ತೆ ರೀಬೇಸ್ ಮಾಡಿದ. ಮತ್ತೆ ಹದಿನೇಳು ಪ್ರಶ್ನೆ. ಈ ಸಲ ಹದಿನೇಳಕ್ಕೂ ‘ಅವರದು’. ಐದು ಗಂಟೆಗೆ ನಿರ್ದೇಶಕಿ ಬಂದು ಗುಮ್ಮಟದಲ್ಲಿ ನಿಂತಾಗ ಪೂರ್ವದಿಂದ ಒಂದೇ ಒಂದು ಚಂದ್ರ, ಕೆಂಪಗೆ, ದೊಡ್ಡದಾಗಿ, ಅವಸರವಿಲ್ಲದೆ ಎದ್ದುಬಂತು.

“ಭೇಷ್!” ಎಂದರು ಅವರು ಎಲ್ಲರಿಗೂ ಕೇಳುವಂತೆ. ಎಲ್ಲರೂ ಉಸಿರುಬಿಟ್ಟರು.

“ಯಾವುದೂ ಕಳೆದುಹೋಗಲ್ಲ ಮೇಡಂ!” ಅಲ್ಪವಿರಾಮನಿಗೆ ತಡೆಯಲಾಗಲಿಲ್ಲ. “ಒಂದ್ಸಲ ಬರೆದಿದ್ದು, ಬಿಟ್ಟಿದ್ದು, ತಪ್ಪಿದ್ದು, ಎಲ್ಲಾ ಇರುತ್ತೆ. ಯಾವಾಗ ಬೇಕಾದ್ರೂ ತೆಗೀಬಹುದು!”

“ಎಲ್ಲಾನೂ?”

“ಎಲ್ಲಾನೂ!”

“ಹಾಗಾದ್ರೆ ಬೆಳಿಗ್ಗೆ ಯಾರ ಕೈಯಿಂದ ಏನು ತಪ್ಪಾಯ್ತು ಅನ್ನೋದೂ ಇರುತ್ತೆ,” ಎಂದರು ನಿರ್ದೇಶಕಿ, ಹೊರಡುತ್ತಾ. “ನಾಳೆ ಚುಕ್ಕಿ ಬಂದ್ಮೇಲೆ ಕೂತು ನೋಡೋಣ.”

ಅಲ್ಪವಿರಾಮನ ಆನಂದ ಗಾಳಿ ಹೋದ ಬಲೂನಿನಂತೆ ಸುಯ್ಯೆಂದಿತು. ದಿನಚರಿ ಎಲ್ಲ ಬರೆದಿಟ್ಟಿತ್ತು ಸರಿ. ಗಂಟೆ, ನಿಮಿಷ, ಸೆಕೆಂಡಿನ ಸಮೇತ ಅವನ ದಡ್ಡತನವನ್ನೂ ಬರೆದಿಟ್ಟಿತ್ತು. ಒಂದು ಕಾಮಾ ಬಿಟ್ಟಿದ್ದಕ್ಕೆ ಅಲ್ಪವಿರಾಮನಾದವನು ಇದಕ್ಕೆ ಪೂರ್ಣವಿರಾಮನಾಗುವುದು ಖಂಡಿತ. ಐದೂಕಾಲಿಗೆ ಮೇಜಿನ ಮುಂದೆ ಕೂತು ಹುಡುಕಿದ. ಗಿಟ್ ದಿನಚರಿಯನ್ನು ಹರಿದುಹಾಕಿ, ಯಾರಿಗೂ ಬೇಡವಾದ ಹಳೆಯ ಕೆಲಸಗಳನ್ನು ಗುಡಿಸಿ ಎಸೆಯುವ ಎರಡು ಆಜ್ಞೆಗಳಿದ್ದವು. ಪಕ್ಕದಲ್ಲಿ ದಪ್ಪಕ್ಷರದಲ್ಲಿ ಎಚ್ಚರಿಕೆ: ಇದಾದ ಮೇಲೆ ವಾಪಸು ಪಡೆಯಲು ಯಾವ ದಾರಿಯೂ ಇಲ್ಲ. ಇಷ್ಟು ನೆಮ್ಮದಿ ಕೊಟ್ಟ ವಾಕ್ಯವನ್ನು ಅವನು ಅವತ್ತು ಓದಿರಲಿಲ್ಲ. ಎರಡನ್ನೂ ಟೈಪ್ ಮಾಡಿದ. ಗುಮ್ಮಟದ ಯಂತ್ರಕ್ಕೆ ಹೊಸ ಚಂದ್ರನನ್ನು ಹಾಕಿದಾಗಲೇ ಹಳೆಯದು ತಾನಾಗಿ ಹೋಗಿತ್ತು. ಮತ್ತೆ ರೀಫ್‌ಲಾಗ್ ಕೇಳಿದ. ಪರದೆ ಖಾಲಿ. ಮುಖ ತೊಳೆದುಕೊಂಡು ತಲೆ ಬಾಚಿದ.

ಆರು ಗಂಟೆಗೆ ಮುನ್ನೂರು ಜನ ತಲೆ ಹಿಂದಕ್ಕೆ ವಾಲಿಸಿ ಕೂತರು. ಅಲ್ಪವಿರಾಮನ ಹೆಂಡತಿ, ಮಗಳು, ಮಾವ ಮೂರನೇ ಸಾಲಿನಲ್ಲಿದ್ದರು. ಕತ್ತಲಾಯಿತು, ನಕ್ಷತ್ರ ಬಂದವು, ದನಿಯವರ ದನಿ ನೆಲದಡಿಯಿಂದ ಎದ್ದಂತೆ ಎದ್ದಿತು. ಪೂರ್ವದಲ್ಲಿ ಕೆಂಪು ಅಂಚು ಕಂಡಾಗ ಮುನ್ನೂರು ಬಾಯಿಂದ ಒಂದೇ ಸಲ “ಹಾ...” ಎಂಬ ಸದ್ದು ಹೊರಟು ಗುಮ್ಮಟ ಸುತ್ತಿ ವಾಪಸು ಬಂತು. ಎಲ್ಲೋ ಒಂದು ಮಗು ಎರಡೂ ಕೈ ಮೇಲೆತ್ತಿತು. ನಿಯಂತ್ರಣದ ಮೇಜಿನ ಹಿಂದೆ ಅಲ್ಪವಿರಾಮನ ಕಣ್ಣು ತುಂಬಿ ಬಂದವು. ತಾನೇ ಬರೆದ ಸಾಲುಗಳು ಎಂದು ಅವನಿಗೇ ನಂಬಿಕೆ ಬರಲಿಲ್ಲ.

ದೀಪ ಹತ್ತಿದ ಮೇಲೆ ಮಾವ ಅವನ ಬಳಿಗೆ ಬಂದು ಭುಜ ತಟ್ಟಿದರು. “ಚೆನ್ನಾಗಿದೆ ಅಳಿಯಂದ್ರೆ. ಥೇಟ್ ನಮ್ಮ ಮಹಡಿ ಮೇಲಿಂದ ಕಾಣೋ ಹಾಗೇ ಇದೆ.” ಇದು ಹೊಗಳಿಕೆಯೋ ಅಲ್ಲವೋ ಎಂದು ಅವನು ಯೋಚಿಸುತ್ತಿರುವಾಗ ಪ್ರೊಫೆಸರು ಮಾತಾಡಲು ಎದ್ದರು.

ಅವರು ಕೋಲೂರಿಕೊಂಡು ಮೈಕಿನ ಮುಂದೆ ನಿಂತು ಒಮ್ಮೆ ಗುಮ್ಮಟದತ್ತ ತಲೆಯೆತ್ತಿ ನೋಡಿದರು. ಆಮೇಲೆ ಹೇಳಿದರು: “ಈಗ ನೋಡಿದ್ದು ಬಹಳ ಚೆನ್ನಾಗಿತ್ತು. ಆದ್ರೆ ನಾನೊಂದು ತಪ್ಪು ಒಪ್ಕೋಬೇಕು. ನಾನು ಮೂರು ಗಂಟೆಗೇ ಬಂದೆ. ಬಾಗಿಲು ತೆಗೆದಿತ್ತು, ಕತ್ತಲಿತ್ತು, ಹಿಂದಿನ ಸಾಲಲ್ಲಿ ಕೂತ್ಕೊಂಡೆ. ಯಾರಿಗೂ ಹೇಳ್ಲಿಲ್ಲ.”

ನಿರ್ದೇಶಕಿಯ ಮುಖ ಬಿಳುಚಿತು. ಅಲ್ಪವಿರಾಮ ಮೇಜಿನ ಅಂಚು ಹಿಡಿದುಕೊಂಡ.

“ಮಂಗಳ ಗ್ರಹದ ಬಗ್ಗೆ ನಾನು ಐವತ್ತು ವರ್ಷ ಪಾಠ ಮಾಡಿದೀನಿ,” ಪ್ರೊಫೆಸರು ಕೋಲೆತ್ತಿ ಗುಮ್ಮಟ ತೋರಿಸಿದರು. “ಅಲ್ಲಿ ಆಕಾಶ ಕಂದು. ಸೂರ್ಯ ಚಿಕ್ಕದು, ಮುಳುಗೋವಾಗ ಅದರ ಸುತ್ತ ನೀಲಿ. ಅಲ್ಲಿಗೆ ಎರಡು ಚಂದ್ರ. ಒಂದು ಎಷ್ಟು ವೇಗ ಅಂದ್ರೆ, ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುತ್ತೆ, ದಾರಿಯಲ್ಲೇ ಬೆಳೀತಾ ಹೋಗುತ್ತೆ. ಇನ್ನೊಂದು ಚುಕ್ಕೆ ಥರ, ಅಲುಗೋದೇ ಇಲ್ಲ ಅನ್ನೋಷ್ಟು ನಿಧಾನ. ಇದನ್ನ ಸಾವಿರಾರು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದೀನಿ. ನನಗೇ ಕಂಡಿರಲಿಲ್ಲ. ಇವತ್ತು ಮೂರು ಗಂಟೆಗೆ ನಾನು ಮಂಗಳದ ನೆಲದ ಮೇಲೆ ನಿಂತಿದ್ದೆ. ಎದ್ದು ಹೊರಗೆ ಹೋಗಿ ಮರದ ಕೆಳಗೆ ಎರಡು ಗಂಟೆ ಕೂತಿದ್ದೆ. ಇದನ್ನ ಮಾಡಿದ ಪುಣ್ಯಾತ್ಮ ಯಾರು?”

ನಿರ್ದೇಶಕಿ ಮೆಲ್ಲನೆ ತಿರುಗಿ ಅಲ್ಪವಿರಾಮನನ್ನು ನೋಡಿದರು. ಮುನ್ನೂರು ತಲೆಗಳು ಅವರ ನೋಟದ ಹಿಂದೆಯೇ ತಿರುಗಿದವು. ಚಪ್ಪಾಳೆ ಶುರುವಾಯಿತು, ನಿಲ್ಲಲೇ ಇಲ್ಲ. ಮೂರನೇ ಸಾಲಿನಲ್ಲಿ ಮಾವ ಎದ್ದು ನಿಂತರು.

“ಬರೋ ಭಾನುವಾರದಿಂದ,” ನಿರ್ದೇಶಕಿ ಮೈಕು ಕಸಿದುಕೊಂಡೇ ಬಿಟ್ಟರು, “ನಮ್ಮ ಮುಂದಿನ ಪ್ರದರ್ಶನ ಅದೇ! ಇವತ್ತು ಮೂರು ಗಂಟೆಗೆ ಪ್ರೊಫೆಸರು ನೋಡಿದ್ದೇ, ಒಂದು ಚುಕ್ಕೆ ಬದಲಾಯಿಸ್ದೆ!” ಮೈಕು ಇಳಿಸಿ ಅಲ್ಪವಿರಾಮನತ್ತ ನಕ್ಕರು. “ಯಾವುದೂ ಕಳೆದುಹೋಗಲ್ಲ ಅಂದ್ರಲ್ಲ. ನೀವು ಹೇಳಿದಾಗ ನಾನು ಪೂರ್ತಿ ನಂಬಿರಲಿಲ್ಲ ನೋಡಿ.”

ಜನವೆಲ್ಲ ಹೋದ ಮೇಲೆ ಅಲ್ಪವಿರಾಮ ಪ್ರೊಫೆಸರರನ್ನು ಮೂಲೆಗೆ ಕರೆದು ಎಲ್ಲ ಹೇಳಿಬಿಟ್ಟ. ಬೇರೆ ಯಾರಿಗೆ ಹೇಳುವುದಕ್ಕೂ ಬಾಯಿ ಬರಲಿಲ್ಲ. ತನ್ನ ಸಾಲುಗಳೂ ಚುಕ್ಕಿಯ ಸಾಲುಗಳೂ ಇವೆ, ಆದರೆ ಹದಿನೇಳು ಪ್ರಶ್ನೆಯಲ್ಲಿ ಯಾವುದಕ್ಕೆ ಏನು ಒತ್ತಿದೆನೆಂದು ಮೊದಲ ಏಳು ಬಿಟ್ಟರೆ ನೆನಪಿಲ್ಲವೆಂದ. ಆ ಏಳೂ ಖಚಿತವಿಲ್ಲವೆಂದ. ಟಿಕೆಟ್ ಅಕ್ಕನನ್ನು ಕೇಳಿದರೆ ಹನ್ನೊಂದನೆಯದು ಅವರದು ಎನ್ನುತ್ತಾಳೆ, ದನಿಯವರು ನಮ್ಮದು ಎನ್ನುತ್ತಾರೆ. ಹೊಸದಾಗಿ ಬರೆದರೆ ಮೂರು ತಿಂಗಳು ಬೇಕು. ಭಾನುವಾರಕ್ಕೆ ನಾಲ್ಕೇ ದಿನ.

ಪ್ರೊಫೆಸರು ಸಿಟ್ಟಾಗಲಿಲ್ಲ. ಕಣ್ಣು ಮುಚ್ಚಿ ತುಟಿ ಆಡಿಸುತ್ತಾ ಲೆಕ್ಕ ಹಾಕಿದರು. “ಹದಿನೇಳು ಪ್ರಶ್ನೆ, ಒಂದೊಂದಕ್ಕೆ ಎರಡು ಉತ್ತರ. ಅಂದ್ರೆ ಒಟ್ಟು ಒಂದು ಲಕ್ಷ ಮೂವತ್ತೊಂದು ಸಾವಿರದ ಎಪ್ಪತ್ತೆರಡು ಆಕಾಶ. ಅದರಲ್ಲಿ ಒಂದು ನಮ್ಮದು.”

“ಹೌದು ಸಾರ್,” ಎಂದ ಅಲ್ಪವಿರಾಮ.

“ಅಷ್ಟೇನಾ!” ಮುದುಕರ ಮುಖ ಅರಳಿತು. “ನಾನೇನೋ ದೊಡ್ಡ ಸಂಖ್ಯೆ ಅಂದ್ಕೊಂಡಿದ್ದೆ. ಒಂದೊಂದಕ್ಕೆ ಐದು ನಿಮಿಷ ಅಂದ್ರೂ, ಹಗಲೂ ರಾತ್ರಿ ಕೂತ್ರೆ ಒಂದೂಕಾಲು ವರ್ಷ. ನಮ್ಮ ಲೆಕ್ಕದಲ್ಲಿ ಇದೊಂದು ಕಾಲವೇ ಅಲ್ಲ.”

“ಭಾನುವಾರ ಸಾರ್...”

“ಭಾನುವಾರ ಅದರ ಪಾಡಿಗೆ ಬರ್ಲಿ.” ಅವರು ಕೋಲನ್ನು ಗೋಡೆಗೆ ಒರಗಿಸಿ, ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತು, ಬೂಟಿನ ದಾರ ಸಡಿಲಿಸಿ, ಕುತ್ತಿಗೆಯನ್ನು ಹಿತವಾಗಿ ಹಿಂದಕ್ಕೆ ಒರಗಿಸಿದರು. ಖಾಲಿ ಗುಮ್ಮಟವನ್ನು ನೋಡುತ್ತಾ ಕೈಯಾಡಿಸಿದರು. “ದೀಪ ಆರಿಸಿ, ಮೊದಲನೇದು ಹಾಕಿ.”